ಸೋಯಾದಲ್ಲಿರುವ ಸಸ್ಯಜನ್ಯ ಈಸ್ಟ್ರೋಜೆನ್ ಜೆನಿಸ್ಟೀನ್ ಗರ್ಭಕೋಶದ ಸ್ನಾಯುವನ್ನು ಸಡಿಲಿಸುತ್ತದೆ, ಸರಿ. ಆದರೆ ಕೋಶಪೊರೆಯ ಯಾವ ಅಯಾನ್ ಚಾನೆಲ್ ಮೂಲಕ?

ಮಯೋ_ಹೊಸಬ

ಇಲಿಯ ಗರ್ಭಕೋಶದ ಪಟ್ಟಿ, ಗರ್ಭವಿಲ್ಲದ್ದು, ಈಸ್ಟ್ರಸ್ (ಬೆದೆ) ಹಂತ. 10 ಮಿಲಿ ಬಾತ್ (ಪಟ್ಟಿ ಕಟ್ಟುವ ಪಾತ್ರೆ), ಕ್ರೆಬ್ಸ್ ಲವಣ ದ್ರಾವಣ, 37 ಡಿಗ್ರಿ, 1 ಗ್ರಾಂ ಎಳೆತ. ತಾನಾಗಿ ಬರುವ ಸಂಕೋಚನಗಳ ಮೇಲೆ ಜೆನಿಸ್ಟೀನ್ ಅನ್ನು 10, 30, 100 ಮೈಕ್ರೋಮೋಲಾರ್ ಹೀಗೆ ಏರಿಸುತ್ತಾ ಹೋದಾಗ 30ಕ್ಕೆ ಎತ್ತರ ಅರ್ಧಕ್ಕಿಳಿಯುತ್ತದೆ, 100ಕ್ಕೆ ಎಲ್ಲ ನಿಲ್ಲುತ್ತದೆ. ಎರಡು ಮೂರು ನಿಮಿಷದಲ್ಲೇ ಪರಿಣಾಮ ಕಾಣುತ್ತದೆ.

ಉಳಿದ ಫಲಿತಾಂಶ ಹೀಗಿದೆ. ಗ್ಲೈಬೆನ್‌ಕ್ಲಮೈಡ್ 10 ಮೈಕ್ರೋಮೋಲಾರ್ (ಕೆ-ಎಟಿಪಿ ಎಂಬ ಪೊಟ್ಯಾಸಿಯಂ ಚಾನೆಲ್‌ಗೆ ತಡೆ) ಮೊದಲೇ ಹಾಕಿದ್ದರೆ ಡೋಸ್ ಕರ್ವ್ ಸ್ವಲ್ಪ ಬಲಕ್ಕೆ ಸರಿಯುತ್ತದೆ, ಅಂದರೆ ಹೆಚ್ಚು ಡೋಸ್ ಬೇಕಾಗುತ್ತದೆ. ಕ್ಯಾಲ್ಸಿಯಂನಿಂದ ತೆರೆಯುವ ಬಿಕೆ ಪೊಟ್ಯಾಸಿಯಂ ಚಾನೆಲನ್ನು ತಡೆಯುವ ಐಬೆರಿಯೋಟಾಕ್ಸಿನ್ 100 ನ್ಯಾನೋಮೋಲಾರ್‌ನಿಂದ ವ್ಯತ್ಯಾಸವಿಲ್ಲ. ಈಸ್ಟ್ರೋಜೆನ್ ರಿಸೆಪ್ಟರ್ ತಡೆಯುವ ಐಸಿಐ 182,780 ಒಂದು ಮೈಕ್ರೋಮೋಲಾರ್ ಇದ್ದರೂ ಸಡಿಲಿಕೆ ಹಾಗೇ ಬರುತ್ತದೆ. 80 ಮಿಲಿಮೋಲಾರ್ ಪೊಟ್ಯಾಸಿಯಂ ಕೊಟ್ಟು ಬಿಗಿಯಾದ ಪಟ್ಟಿಯನ್ನೂ ಜೆನಿಸ್ಟೀನ್ ಸಡಿಲಿಸುತ್ತದೆ. ಜೆನಿಸ್ಟೀನ್‌ನ ಹತ್ತಿರದ ನೆಂಟ ಡೈಡ್ಜೀನ್ ಕೂಡ ಸಡಿಲಿಸುತ್ತದೆ, ಆದರೆ ಅಷ್ಟು ಬಲವಾಗಿ ಅಲ್ಲ.

ಇದನ್ನು "ಈಸ್ಟ್ರೋಜೆನ್ ರಿಸೆಪ್ಟರ್ ಬೀಟಾ ಮೂಲಕ ಕೆ-ಎಟಿಪಿ ಚಾನೆಲ್ ತೆರೆಯುತ್ತದೆ" ಅಂತ ಬರೆಯಬಹುದೇ?

ಎಳೆತಮಾಪಕ

ಬೇಡ. ನೀವೇ ಕೊಟ್ಟಿರೋ 80 ಮಿಲಿಮೋಲಾರ್ ಫಲಿತಾಂಶ ಆ ವಾಕ್ಯವನ್ನ ಅರ್ಧಕ್ಕರ್ಧ ಕೊಂದಿದೆ.

ಲೆಕ್ಕ ನೋಡಿ. ಜೀವಕೋಶದ ಒಳಗೆ ಪೊಟ್ಯಾಸಿಯಂ ಸುಮಾರು 140 ಮಿಲಿಮೋಲಾರ್ ಅಂತಿಟ್ಟುಕೊಳ್ಳಿ. ಮಾಮೂಲಿ ಕ್ರೆಬ್ಸ್‌ನಲ್ಲಿ ಹೊರಗೆ 5.9. 37 ಡಿಗ್ರಿಯಲ್ಲಿ ಪೊಟ್ಯಾಸಿಯಂನ ಸಮತೋಲನ ವಿಭವ (ಅದರ ಒಳಹರಿವು, ಹೊರಹರಿವು ಸರಿಸಮ ಆಗೋ ವೋಲ್ಟೇಜ್) ಸುಮಾರು -85 ಮಿಲಿವೋಲ್ಟ್. ಹೊರಗೆ 20 ಮಾಡಿದರೆ -52. 80 ಮಾಡಿದರೆ -15. ಪೊಟ್ಯಾಸಿಯಂ ಚಾನೆಲ್ ಎಷ್ಟೇ ತೆರೆದರೂ ಪೊರೆಯನ್ನ ಆ ಸಮತೋಲನ ವಿಭವದ ಕಡೆಗೆ ಮಾತ್ರ ಎಳೆಯುತ್ತೆ. -15ಕ್ಕೆ ಎಳೆದರೆ ಸಂಕೋಚನಕ್ಕೆ ಬೇಕಾದ ಕ್ಯಾಲ್ಸಿಯಂ ಒಳಬಿಡೋ ಎಲ್-ಟೈಪ್ ಚಾನೆಲ್ ಮುಚ್ಚೋದಿಲ್ಲ. ಅಂದ ಮೇಲೆ 80ರಲ್ಲಿ ಬಂದ ಸಡಿಲಿಕೆ ಪೊಟ್ಯಾಸಿಯಂ ಚಾನೆಲ್ ತೆರೆದಿದ್ದರಿಂದ ಬಂದಿದ್ದಲ್ಲ. ಕ್ಯಾಲ್ಸಿಯಂ ಒಳಬರೋ ದಾರಿ ಮುಚ್ಚಿದೆ, ಇಲ್ಲವೇ ಕ್ಯಾಲ್ಸಿಯಂ ಬಂದಾದ ಮೇಲಿನ ಹಂತದಲ್ಲಿ, ಅಂದರೆ ಮಯೋಸಿನ್ ಫಾಸ್ಫೊರಿಲೇಶನ್ ಕಡೆ, ಏನೋ ಆಗಿದೆ.

ಆದ್ದರಿಂದ ಬೇರೇನೂ ಮಾಡೋ ಮೊದಲು 20 ಮತ್ತು 80, ಎರಡರಲ್ಲೂ ಪೂರ್ತಿ ಡೋಸ್ ಕರ್ವ್ ತೆಗೀರಿ. ಪಕ್ಕದಲ್ಲಿ ಎರಡು ಕಂಟ್ರೋಲ್ ಕಡ್ಡಾಯ: ಕೆ-ಎಟಿಪಿ ತೆರೆಯೋ ಪಿನಾಸಿಡಿಲ್ ಅಥವಾ ಲೆವ್‌ಕ್ರೋಮಾಕಲಿಮ್ 20ರಲ್ಲಿ ಚೆನ್ನಾಗಿ ಸಡಿಲಿಸಬೇಕು, 80ರಲ್ಲಿ ಹೆಚ್ಚುಕಡಿಮೆ ಏನೂ ಮಾಡಬಾರದು. ಎಲ್-ಟೈಪ್ ಮುಚ್ಚೋ ನಿಫೆಡಿಪಿನ್ ಎರಡರಲ್ಲೂ ಸಡಿಲಿಸಬೇಕು. ಇವೆರಡು ಹೀಗೆ ಬರದಿದ್ದರೆ ತೊಂದರೆ ದ್ರಾವಣದಲ್ಲಿದೆ, ಜೆನಿಸ್ಟೀನ್‌ನಲ್ಲಲ್ಲ. ನಿಫೆಡಿಪಿನ್ ಬೆಳಕಿಗೆ ಕೆಡುತ್ತೆ, ಟ್ಯೂಬಿಗೆ ಫಾಯಿಲ್ ಸುತ್ತಿ.

ಮಯೋ_ಹೊಸಬ

80 ಅಂದರೆ ಬಾತ್‌ಗೆ ನೇರ ಗಟ್ಟಿ ಕೆಸಿಎಲ್ (ಪೊಟ್ಯಾಸಿಯಂ ಕ್ಲೋರೈಡ್) ದ್ರಾವಣ ಹಾಕಿದ್ದು. ಅದು ತಪ್ಪೇ?

ಎಳೆತಮಾಪಕ

ಹೌದು, ಈ ಪ್ರಶ್ನೆಗೆ ಅದು ಸರಿಹೋಗಲ್ಲ. ಮೇಲಿಂದ 74 ಮಿಲಿಮೋಲಾರ್ ಕೆಸಿಎಲ್ ಸುರಿದರೆ ಆಸ್ಮೋಲಾರಿಟಿ ಸುಮಾರು 148 ಏರುತ್ತೆ, 300ರ ಹತ್ತಿರ ಇದ್ದದ್ದು 450ರ ಹತ್ತಿರ. ಕೋಶ ಕುಗ್ಗುತ್ತೆ, ಎಳೆತ ತಾನಾಗೇ ಜಾರುತ್ತೆ, ಅದನ್ನೇ ಔಷಧದ ಸಡಿಲಿಕೆ ಅಂತ ಓದಿಬಿಡ್ತೀವಿ. ಎಷ್ಟು ಪೊಟ್ಯಾಸಿಯಂ ಸೇರಿಸ್ತೀರೋ ಅಷ್ಟೇ ಸೋಡಿಯಂ ಕಡಿಮೆ ಮಾಡಬೇಕು.

ಒಂದು ಲೀಟರಿಗೆ ಲೆಕ್ಕ. ಮೂಲ ಕ್ರೆಬ್ಸ್‌ನಲ್ಲಿ ಮಿಲಿಮೋಲಾರ್ ಲೆಕ್ಕದಲ್ಲಿ ಸೋಡಿಯಂ ಕ್ಲೋರೈಡ್ 118, ಕೆಸಿಎಲ್ 4.7, ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 1.2, ಮೆಗ್ನೀಸಿಯಂ ಸಲ್ಫೇಟ್ 1.2, ಕ್ಯಾಲ್ಸಿಯಂ ಕ್ಲೋರೈಡ್ 2.5, ಬೈಕಾರ್ಬನೇಟ್ 25, ಗ್ಲೂಕೋಸ್ 11. ಫಾಸ್ಫೇಟಿನ 1.2 ಸೇರಿಸಿದರೇ ಒಟ್ಟು ಪೊಟ್ಯಾಸಿಯಂ 5.9 ಆಗೋದು, ಇದನ್ನ ಬಹಳ ಜನ ಮರೀತಾರೆ.

20 ಬೇಕಾದರೆ: ಕೆಸಿಎಲ್ 18.8 (1.40 ಗ್ರಾಂ), ಸೋಡಿಯಂ ಕ್ಲೋರೈಡ್ 103.9 (6.07 ಗ್ರಾಂ).
80 ಬೇಕಾದರೆ: ಕೆಸಿಎಲ್ 78.8 (5.87 ಗ್ರಾಂ), ಸೋಡಿಯಂ ಕ್ಲೋರೈಡ್ 43.9 (2.57 ಗ್ರಾಂ).
ಉಳಿದದ್ದು ಹಾಗೇ ಇರಲಿ.

ಬಾತ್ ಖಾಲಿ ಮಾಡಿ, ಮೊದಲೇ 37 ಡಿಗ್ರಿಗೆ ಕಾಯಿಸಿ ಅನಿಲ ಹಾಯಿಸಿಟ್ಟ ಈ ದ್ರಾವಣ ತುಂಬಿಸಿ. ಇನ್ನೊಂದು: ಪೊಟ್ಯಾಸಿಯಂ ಏರಿದಾಗ ಪಟ್ಟಿಯಲ್ಲಿ ಉಳಿದಿರೋ ನರತುದಿಗಳೂ ನಾರ್‌ಅಡ್ರಿನಲಿನ್ ಬಿಡುತ್ತವೆ. ಇಲಿಯ ಗರ್ಭಕೋಶದಲ್ಲಿ ಅದನ್ನ ಗ್ರಹಿಸೋ ಬೀಟಾ-2 ರಿಸೆಪ್ಟರ್ ಬಲವಾಗಿರೋದರಿಂದ ಅದೇ ಒಂದು ಸಡಿಲಿಕೆ ತರಬಹುದು. ಆ ರಿಸೆಪ್ಟರ್ ತಡೆಯೋ ಪ್ರೊಪ್ರನೊಲಾಲ್ 1 ಮೈಕ್ರೋಮೋಲಾರ್ ಎಲ್ಲ ಬಾತ್‌ಗೂ ಹಾಕಿ.

20ರಲ್ಲಿ ಸಮತಟ್ಟಾದ ಸಂಕೋಚನ ನಿರೀಕ್ಷಿಸಬೇಡಿ, ಏರಿಳಿತ ಇದ್ದೇ ಇರುತ್ತೆ. ಎತ್ತರ ಅಳೆಯೋ ಬದಲು ಕೊನೆಯ 5 ನಿಮಿಷದ ಕರ್ವ್ ಕೆಳಗಿನ ವಿಸ್ತೀರ್ಣ ತಗೊಳ್ಳಿ.

ಬೇರುಕಷಾಯ

ಸ್ವಲ್ಪ ಹಿಂದಕ್ಕೆ ಹೋಗೋಣ. 100 ಮೈಕ್ರೋಮೋಲಾರ್ ಜೆನಿಸ್ಟೀನ್ ಬಾತ್‌ನಲ್ಲಿ ನಿಜಕ್ಕೂ ಕರಗಿದೆಯಾ? ಇದನ್ನು ನೋಡದೆ ಡೋಸ್ ಕರ್ವ್ ಎಳೆಯುವವರೇ ಜಾಸ್ತಿ.

ಜೆನಿಸ್ಟೀನ್‌ನ ಅಣುತೂಕ 270.24. 2.70 ಮಿಲಿಗ್ರಾಂ ಅನ್ನು 100 ಮೈಕ್ರೋಲೀಟರ್ ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿದರೆ 100 ಮಿಲಿಮೋಲಾರ್ ಸ್ಟಾಕ್. 10 ಮಿಲಿ ಬಾತ್‌ಗೆ 1, ಆಮೇಲೆ 2, ಆಮೇಲೆ 7 ಮೈಕ್ರೋಲೀಟರ್ ಹಾಕಿದರೆ 10, 30, 100 ಬರುತ್ತದೆ, ಒಟ್ಟು ಡಿಎಂಎಸ್‌ಒ 0.1 ಶೇಕಡಾ. ಡಿಎಂಎಸ್‌ಒ ಅರ್ಧ ಶೇಕಡಾ ದಾಟಿದರೆ ಅದೇ ಸಂಕೋಚನ ತಗ್ಗಿಸಲು ಶುರು ಮಾಡುತ್ತದೆ, ಹಾಗಾಗಿ ತೆಳು ಸ್ಟಾಕ್ ಮಾಡಿ ಜಾಸ್ತಿ ಸುರಿಯುವ ದಾರಿ ಬೇಡ. 1 ಮೈಕ್ರೋಲೀಟರ್ ಡಿಎಂಎಸ್‌ಒ ಮಾಮೂಲಿ ಪಿಪೆಟ್ಟಿನಲ್ಲಿ ನಂಬಿಕೆಗೆ ಅರ್ಹವಲ್ಲ, ಗಾಜಿನ ಮೈಕ್ರೋಸಿರಿಂಜ್ ಬಳಸಿ.

ಸ್ಟಾಕ್ ಹನಿ ನೀರಿಗೆ ಬಿದ್ದ ಜಾಗದಲ್ಲೇ ಒಂದು ಕ್ಷಣ ಸಾರತೆ ವಿಪರೀತ ಏರಿ ಸೂಜಿಯಂಥ ಹರಳು ಕಟ್ಟುತ್ತದೆ. ಗುಳ್ಳೆಗಳು ಏಳುವ ಕಡೆಗೇ, ನಿಧಾನವಾಗಿ ಬಿಡಿ. 100ರ ಬಾತ್‌ನಿಂದ 20 ಮೈಕ್ರೋಲೀಟರ್ ತೆಗೆದು ಸ್ಲೈಡ್ ಮೇಲಿಟ್ಟು 10ರ ಲೆನ್ಸ್‌ನಲ್ಲಿ ನೋಡಿ, ಹತ್ತು ನಿಮಿಷದ ನಂತರ ಮತ್ತೊಮ್ಮೆ. ಹರಳು ಕಂಡರೆ 100 ಎಂಬ ಬಿಂದುವನ್ನು ಗ್ರಾಫ್‌ನಿಂದ ತೆಗೆಯಿರಿ. 50ರಿಂದ ಮೇಲೆ ಯಾವಾಗಲೂ ಅನುಮಾನ ಇರಲಿ.

ಪಿಎಚ್ ಕೂಡ ಇಲ್ಲಿ ಕೈಯಾಡಿಸುತ್ತದೆ. ಜೆನಿಸ್ಟೀನ್‌ನ 7ನೇ ಸ್ಥಾನದ ಹೈಡ್ರಾಕ್ಸಿಲ್‌ನ ಪಿಕೆಎ (ಅರ್ಧದಷ್ಟು ಅಣುಗಳು ಅಯಾನ್ ಆಗುವ ಪಿಎಚ್) ಸುಮಾರು 7.2. ಅಂದರೆ 7.4ರಲ್ಲಿ ಅರ್ಧಕ್ಕಿಂತ ಹೆಚ್ಚು ಅಣುಗಳು ಅಯಾನ್ ರೂಪದಲ್ಲಿ, ಉಳಿದವು ಪೊರೆ ದಾಟಬಲ್ಲ ರೂಪದಲ್ಲಿ. ಪಿಎಚ್ 6.8ಕ್ಕೆ ಇಳಿದರೆ ಈ ಅನುಪಾತ ತಲೆಕೆಳಗಾಗುತ್ತದೆ, ಕರಗುವಿಕೆಯೂ ಇಳಿಯುತ್ತದೆ.

ಮತ್ತೆ, ಬಾಟಲಿಯ ಲೇಬಲ್ ಸರಿಯಾಗಿ ಓದಿ. ಜೆನಿಸ್ಟಿನ್ ಅಂದರೆ ಸಕ್ಕರೆ ಅಂಟಿದ ಗ್ಲೈಕೋಸೈಡ್, ಅಣುತೂಕ 432.4, ಪೊರೆ ದಾಟುವುದು ಕಷ್ಟ. ಒಂದೇ ದೀರ್ಘದ ವ್ಯತ್ಯಾಸಕ್ಕೆ ಪ್ರಯೋಗವೇ ಬದಲಾಗುತ್ತದೆ.

ಗಾಜಿನಸೂಜಿ

ಗ್ಲೈಬೆನ್‌ಕ್ಲಮೈಡ್ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ಬಲಕ್ಕೆ ಸರಿಯಿತು ಎಂಬುದು ಸಾಕ್ಷ್ಯವಲ್ಲ. ಗರ್ಭಕೋಶದ ಸ್ನಾಯುವಿನಲ್ಲಿ ಕೆ-ಎಟಿಪಿ ಹೆಚ್ಚಾಗಿ ಕೆಐಆರ್6.1 ಮತ್ತು ಎಸ್‌ಯುಆರ್2ಬಿ ಎಂಬ ಉಪಘಟಕಗಳ ಜೋಡಿ. ವಿಶ್ರಾಂತಿಯಲ್ಲೂ ಅದು ಸ್ವಲ್ಪ ತೆರೆದಿದ್ದರೆ ಗ್ಲೈಬೆನ್‌ಕ್ಲಮೈಡ್ ಪೊರೆಯನ್ನು ಡಿಪೋಲರೈಸ್ ಮಾಡಿ ಸಂಕೋಚನವನ್ನೇ ಬಲಪಡಿಸುತ್ತದೆ. ಆಗ ಯಾವ ಸಡಿಲಕ ಹಾಕಿದರೂ ದುರ್ಬಲವಾಗಿ ಕಾಣುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಇದನ್ನು ಬೇರ್ಪಡಿಸಲು ಅದೇ ಗ್ಲೈಬೆನ್‌ಕ್ಲಮೈಡ್ ಇದ್ದಾಗ ಮೂರು ಕರ್ವ್ ಬೇಕು: ಪಿನಾಸಿಡಿಲ್, ನಿಫೆಡಿಪಿನ್, ಜೆನಿಸ್ಟೀನ್. ಪಿನಾಸಿಡಿಲ್ ಬಹಳ ಬಲಕ್ಕೆ ಸರಿಯಬೇಕು. ನಿಫೆಡಿಪಿನ್ ಸರಿದಷ್ಟೇ ಜೆನಿಸ್ಟೀನ್ ಸರಿದಿದ್ದರೆ ಕೆ-ಎಟಿಪಿ ಮಾತು ಬಿಡಿ.

ಐಬೆರಿಯೋಟಾಕ್ಸಿನ್ ವ್ಯತ್ಯಾಸ ಮಾಡಲಿಲ್ಲ ಎಂಬುದನ್ನೂ ಹಾಗೇ ಒಪ್ಪಬೇಡಿ. ಅದು 37 ಅಮೈನೋ ಆಮ್ಲದ ಪೆಪ್ಟೈಡ್. ಗಾಜಿಗೂ ಪ್ಲಾಸ್ಟಿಕ್ಕಿಗೂ ಅಂಟುತ್ತದೆ, ದಪ್ಪ ಪಟ್ಟಿಯ ಒಳಗೆ ಹೋಗಲು ಸಮಯ ಬೇಕು. ಸ್ಟಾಕ್‌ನಲ್ಲಿ 0.1 ಶೇಕಡಾ ಬಿಎಸ್‌ಎ (ದನದ ಆಲ್ಬುಮಿನ್ ಪ್ರೋಟೀನ್) ಇರಲಿ, ಪಟ್ಟಿ 2 ಮಿಮೀಗಿಂತ ಅಗಲ ಬೇಡ, 30 ನಿಮಿಷ ಬಿಡಿ. ಜೊತೆಗೆ ಬಿಕೆಯನ್ನೇ ತಡೆಯುವ ಪ್ಯಾಕ್ಸಿಲೈನ್ 1 ಮೈಕ್ರೋಮೋಲಾರ್ ಅಥವಾ ಟಿಇಎ 1 ಮಿಲಿಮೋಲಾರ್‌ನಿಂದ ಮರುಪರೀಕ್ಷೆ ಮಾಡಿ. ಪ್ಯಾಕ್ಸಿಲೈನ್ 10 ಮೈಕ್ರೋ ದಾಟಿದರೆ ಕೋಶದೊಳಗಿನ ಕ್ಯಾಲ್ಸಿಯಂ ಉಗ್ರಾಣ ತುಂಬುವ ಸೆರ್ಕಾ ಪಂಪನ್ನೂ ಹಿಡಿಯುತ್ತದೆ. ಟಿಇಎ 5 ಮಿಲಿ ದಾಟಿದರೆ ಬೇರೆ ಪೊಟ್ಯಾಸಿಯಂ ಚಾನೆಲ್‌ಗಳೂ ಸೇರಿಕೊಳ್ಳುತ್ತವೆ.

ಬೀಟಾಪಕ್ಷ

ಎಲ್ಲರೂ ರಿಸೆಪ್ಟರನ್ನು ಮೂಲೆಗೆ ತಳ್ಳುತ್ತಿದ್ದೀರಿ. ಜೆನಿಸ್ಟೀನ್‌ಗೆ ಇಆರ್-ಬೀಟಾ (ಈಸ್ಟ್ರೋಜೆನ್ ರಿಸೆಪ್ಟರ್ ಬೀಟಾ) ಮೇಲಿನ ಒಲವು ಇಆರ್-ಆಲ್ಫಾಗಿಂತ ಹತ್ತಾರು ಪಟ್ಟು ಹೆಚ್ಚು. ಇಆರ್-ಬೀಟಾ ಇದೆ ಎಂದು 1996ರಲ್ಲಿ ತಿಳಿದ ಮೇಲೆ ಸಸ್ಯಜನ್ಯ ಈಸ್ಟ್ರೋಜೆನ್‌ಗಳ ಕಥೆಯೇ ಬದಲಾಯಿತು. ಪೊರೆಯ ಮೇಲಿನ ಇನ್ನೊಂದು ಈಸ್ಟ್ರೋಜೆನ್ ರಿಸೆಪ್ಟರ್ ಜಿಪಿಇಆರ್ ಕೂಡ ಇದೆ. ನಿಮಿಷಗಳಲ್ಲಿ ಬರುವ ಪರಿಣಾಮವೂ ಈಸ್ಟ್ರೋಜೆನ್ ಪರಿಣಾಮವೇ ಆಗಿರಬಹುದು.

ಗಾಜಿನಸೂಜಿ

ಆಗಿರಬಹುದು. ಆದರೆ ಆ ಒಲವು ನ್ಯಾನೋಮೋಲಾರ್ ಮಟ್ಟದ್ದು. 10ರಿಂದ 100 ನ್ಯಾನೋಮೋಲಾರ್‌ನಲ್ಲೇ ಇಆರ್-ಬೀಟಾ ಬಹುಪಾಲು ತುಂಬಿಹೋಗಿರುತ್ತದೆ. ಪಟ್ಟಿ ಸಡಿಲವಾಗುವುದು 30 ಮೈಕ್ರೋಮೋಲಾರ್‌ಗೆ. ತುಂಬಿದ ರಿಸೆಪ್ಟರ್ ಅಲ್ಲಿಯವರೆಗೆ ಯಾಕೆ ಸುಮ್ಮನಿತ್ತು?

30 ಮೈಕ್ರೋಮೋಲಾರ್‌ನಲ್ಲಿ ಜೆನಿಸ್ಟೀನ್ ಮುಖ್ಯವಾಗಿ ಟೈರೋಸಿನ್ ಕೈನೇಸ್ (ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುವ ಕಿಣ್ವ) ತಡೆಯುವ ವಸ್ತು. 1987ರಿಂದ ಅದು ಈ ಕೆಲಸಕ್ಕೇ ಹೆಸರಾಗಿದೆ. ಶುದ್ಧ ಇಜಿಎಫ್ ರಿಸೆಪ್ಟರ್ ಕೈನೇಸ್‌ಗೆ ಐಸಿ50 (ಅರ್ಧ ತಡೆಗೆ ಬೇಕಾದ ಸಾರತೆ) ಕೇವಲ 2.6 ಮೈಕ್ರೋಮೋಲಾರ್, ಆದರೆ ಅದು ಎಟಿಪಿಯ ಜೊತೆ ಸ್ಪರ್ಧಿಸುವುದರಿಂದ ಜೀವಂತ ಕೋಶದಲ್ಲಿ ಹತ್ತಾರು ಮೈಕ್ರೋ ಬೇಕಾಗುತ್ತದೆ. ನಿಮ್ಮ ಕರ್ವ್ ಕೂತಿರುವುದು ಸರಿಯಾಗಿ ಅಲ್ಲೇ. ನಯಸ್ನಾಯುವಿನಲ್ಲಿ ಸಾರ್ಕ್ ಗುಂಪಿನ ಕೈನೇಸ್‌ಗಳು ಎಲ್-ಟೈಪ್ ಚಾನೆಲ್‌ನ ಕರೆಂಟ್ ಹೆಚ್ಚಿಸುತ್ತವೆ, ಅವನ್ನು ತಡೆದರೆ ಕರೆಂಟ್ ಇಳಿಯುತ್ತದೆ. ಅದರ ಮೇಲೆ ಜೆನಿಸ್ಟೀನ್ ಕೈನೇಸ್ ಹಂಗಿಲ್ಲದೆ ನೇರವಾಗಿಯೂ ಚಾನೆಲ್‌ಗಳನ್ನು ಅಡ್ಡಗಟ್ಟಬಲ್ಲದು.

ಡೈಡ್ಜೀನ್‌ನಲ್ಲಿ 5ನೇ ಸ್ಥಾನದ ಹೈಡ್ರಾಕ್ಸಿಲ್ ಇಲ್ಲ, ಕೈನೇಸ್ ತಡೆ ಬಹುತೇಕ ಇಲ್ಲ. ನಿಮ್ಮಲ್ಲಿ ಅದೂ ಸಡಿಲಿಸಿದೆ. ಹಾಗಾಗಿ ಒಂದಿಷ್ಟು ಭಾಗ ಕೈನೇಸ್ ಅಲ್ಲದ ದಾರಿ, ಜೆನಿಸ್ಟೀನ್‌ನ ಹೆಚ್ಚುವರಿ ಭಾಗ ಕೈನೇಸ್ ಇರಬಹುದು. ಡೈಡ್ಜೀನ್ ಕೂಡ ದುರ್ಬಲ ಈಸ್ಟ್ರೋಜೆನ್ ಆದ್ದರಿಂದ ಅದನ್ನು ನಿಷ್ಕ್ರಿಯ ಕಂಟ್ರೋಲ್ ಎಂದು ಮಾತ್ರ ಬರೆಯಬೇಡಿ.

ಬೀಟಾಪಕ್ಷ

ಒಪ್ಪಿದೆ. ಹಾಗಿದ್ದರೆ ಐಸಿಐ ತಡೆಯಲಿಲ್ಲ ಎಂಬುದೇ ರಿಸೆಪ್ಟರ್ ಇಲ್ಲ ಅನ್ನಲು ಸಾಕಲ್ಲವೇ?

ಗಾಜಿನಸೂಜಿ

ಸಾಕಾಗುವುದಿಲ್ಲ, ಈ ಸಲ ವಾದ ನಿಮ್ಮ ಕಡೆಗೇ ವಾಲುತ್ತದೆ. ಐಸಿಐ 182,780 ಇಆರ್-ಆಲ್ಫಾ, ಬೀಟಾ ಎರಡಕ್ಕೂ ತಡೆ, ಆದರೆ ಜಿಪಿಇಆರ್‌ಗೆ ಚಾಲಕ. ಮೇಲಾಗಿ ಅದೂ ಟ್ಯಾಮೊಕ್ಸಿಫೆನ್ನೂ ಮೈಕ್ರೋಮೋಲಾರ್ ಮಟ್ಟದಲ್ಲಿ ಬಿಕೆ ಚಾನೆಲ್ ತೆರೆಯುತ್ತವೆ. ತಡೆ ಎಂದು ಹಾಕಿದ್ದೇ ಸ್ವತಃ ಸಡಿಲಿಸುತ್ತಿದ್ದರೆ ಫಲಿತಾಂಶ ಯಾವ ಕಡೆಗೂ ಓದಲಾಗದು. ಐಸಿಐ ಮಾತ್ರ ಹಾಕಿದ ಪಟ್ಟಿ ಇರಲೇಬೇಕು. ಜಿಪಿಇಆರ್‌ಗೆ ಜಿ-15 ಅಥವಾ ಜಿ-36, ಇಆರ್-ಬೀಟಾಗೆ ಪಿಎಚ್‌ಟಿಪಿಪಿ ಬಳಸಿ.

ರಿಸೆಪ್ಟರ್ ಜೀನ್‌ಗಳ ಮೂಲಕ ಕೆಲಸ ಮಾಡುವ ನಿಧಾನ ದಾರಿ ನೋಡಬೇಕಾದರೆ ಪ್ರಯೋಗದ ಆಕಾರವೇ ಬೇರೆ: 100 ನ್ಯಾನೋಮೋಲಾರ್‌ನಿಂದ 1 ಮೈಕ್ರೋಮೋಲಾರ್, 24ರಿಂದ 48 ಗಂಟೆ, ಆಮೇಲೆ ಔಷಧ ತೊಳೆದು ಕರೆಂಟ್ ಅಳೆಯಿರಿ. ಆಗ ಕೇಳುವ ಪ್ರಶ್ನೆ ಚಾನೆಲ್ ಎಷ್ಟು ತೆರೆಯಿತು ಎಂದಲ್ಲ, ಎಷ್ಟು ಚಾನೆಲ್ ಪೊರೆಯಲ್ಲಿದೆ ಎಂದು.

ಮಯೋ_ಹೊಸಬ

ಪ್ಯಾಚ್ ಕ್ಲ್ಯಾಂಪ್ (ಗಾಜಿನ ಪಿಪೆಟ್ಟಿನಿಂದ ಚಾನೆಲ್ ಕರೆಂಟ್ ಅಳೆಯುವ) ಸೌಲಭ್ಯ ಇದೆ. ಎಲ್-ಟೈಪ್ ಮತ್ತು ಬಿಕೆ, ಎರಡನ್ನೂ ಒಂದೇ ಕೋಶದಲ್ಲಿ ಒಂದೇ ಪಿಪೆಟ್ ದ್ರಾವಣದಲ್ಲಿ ಅಳೆಯಬಹುದೇ?

ಗಾಜಿನಸೂಜಿ

ಆಗುವುದಿಲ್ಲ. ಒಂದಕ್ಕೆ ಬೇಕಾದದ್ದೇ ಇನ್ನೊಂದನ್ನು ಸಾಯಿಸುತ್ತದೆ.

ಎಲ್-ಟೈಪ್‌ಗೆ: ಹೊರಗೆ ಬೇರಿಯಂ ಕ್ಲೋರೈಡ್ 10 ಮಿಲಿಮೋಲಾರ್, ಟಿಇಎ ಕ್ಲೋರೈಡ್ 130, ಹೆಪೆಸ್ 10, ಪಿಎಚ್ 7.4. ಪಿಪೆಟ್ಟಿನಲ್ಲಿ ಸೀಸಿಯಂ ಕ್ಲೋರೈಡ್ 130, ಇಜಿಟಿಎ (ಕ್ಯಾಲ್ಸಿಯಂ ಕಟ್ಟಿಹಾಕುವ ವಸ್ತು) 10, ಮೆಗ್ನೀಸಿಯಂ-ಎಟಿಪಿ 4, ಹೆಪೆಸ್ 10, ಪಿಎಚ್ 7.2. -80 ಮಿಲಿವೋಲ್ಟ್‌ನಲ್ಲಿ ಹಿಡಿದು +10ಕ್ಕೆ 200 ಮಿಲಿಸೆಕೆಂಡಿನ ಹೆಜ್ಜೆ, 15 ಸೆಕೆಂಡಿಗೊಮ್ಮೆ.

ಇಲ್ಲಿ ಎಲ್ಲರನ್ನೂ ಬೀಳಿಸುವ ಹಳ್ಳ ರನ್‌ಡೌನ್. ಹೋಲ್-ಸೆಲ್ (ಪಿಪೆಟ್ ಕೋಶದ ಒಳಕ್ಕೆ ತೆರೆದ ಸ್ಥಿತಿ) ಮಾಡಿದ ಮೇಲೆ ಎಲ್-ಟೈಪ್ ಕರೆಂಟ್ ತಾನಾಗಿ ಕರಗುತ್ತಾ ಹೋಗುತ್ತದೆ. ಆ ಇಳಿಜಾರಿನ ಮೇಲೆ ಜೆನಿಸ್ಟೀನ್ ಹಾಕಿದರೆ ಸೊಗಸಾದ "ತಡೆ" ಸಿಗುತ್ತದೆ. ಸತತ 5 ನಿಮಿಷದಲ್ಲಿ ಬದಲಾವಣೆ 5 ಶೇಕಡಾದೊಳಗೆ ನಿಲ್ಲುವವರೆಗೆ ಕಾಯಿರಿ. ಆಮೇಲೆ 0.1 ಶೇಕಡಾ ಡಿಎಂಎಸ್‌ಒ ಮಾತ್ರ 3 ನಿಮಿಷ, ಆಮೇಲೆ ಔಷಧ 3ರಿಂದ 5 ನಿಮಿಷ, ಆಮೇಲೆ ತೊಳೆಯುವುದು. ತೊಳೆದ ಮೇಲೆ ಕರೆಂಟ್ ಬಹುಪಾಲು ಮರಳದಿದ್ದರೆ ಆ ಕೋಶವನ್ನು ಲೆಕ್ಕಕ್ಕೆ ಸೇರಿಸಬೇಡಿ. ಕೊನೆಗೆ ನಿಫೆಡಿಪಿನ್ 1 ಮೈಕ್ರೋಮೋಲಾರ್ ಹಾಕಿ ಎಷ್ಟು ಉಳಿಯುತ್ತದೆ ನೋಡಿ, ಉಳಿದದ್ದರಲ್ಲಿ ಟಿ-ಟೈಪ್ ಎಂಬ ಇನ್ನೊಂದು ಕ್ಯಾಲ್ಸಿಯಂ ಚಾನೆಲ್ ಇರಬಹುದು.

ಅದೇ ಪ್ರಯೋಗ -50ರಲ್ಲಿ ಹಿಡಿದೂ ಮಾಡಿ. ಗರ್ಭದ ಕೊನೆಯಲ್ಲಿ ಈ ಸ್ನಾಯುವಿನ ವಿಶ್ರಾಂತಿ ವಿಭವ -60ರ ಸುತ್ತಿನಿಂದ -45ರ ಕಡೆಗೆ ಏರುತ್ತದೆ. -80ರಲ್ಲಿ ದುರ್ಬಲವಾಗಿ ಕಂಡ ತಡೆ -50ರಲ್ಲಿ ಬಲವಾದರೆ ಔಷಧ ಇನ್‌ಆಕ್ಟಿವೇಟೆಡ್ ಸ್ಥಿತಿಯ ಚಾನೆಲನ್ನು ಹಿಡಿಯುತ್ತಿದೆ.

ಕೈನೇಸ್ ಹೌದೋ ಅಲ್ಲವೋ ತಿಳಿಯಲು ಪಿಪೆಟ್ಟಿನಲ್ಲಿ ಎಟಿಪಿ ಬದಲು ಎಎಂಪಿ-ಪಿಎನ್‌ಪಿ ಇಡಿ. ಫಾಸ್ಫೇಟ್ ದಾನ ಮಾಡಲಾಗದ ಎಟಿಪಿ ಅದು. ಆಗಲೂ ಜೆನಿಸ್ಟೀನ್ ತಡೆ ಹಾಗೇ ಬಂದರೆ ಅದು ನೇರ ತಡೆ. ಸಾರ್ಕ್ ಗುಂಪನ್ನು ತಡೆಯುವ ಪಿಪಿ2 ಮತ್ತು ಅದರ ನಿಷ್ಕ್ರಿಯ ಜೋಡಿ ಪಿಪಿ3 ಪಕ್ಕದಲ್ಲಿರಲಿ. ಫಾಸ್ಫೇಟ್ ಕೀಳುವ ಕಿಣ್ವವನ್ನು ತಡೆಯುವ ವನಡೇಟ್‌ನಿಂದ ಜೆನಿಸ್ಟೀನ್ ಪರಿಣಾಮ ಹಿಂತಿರುಗಿಸುವುದಾದರೆ ಪಿಎಚ್ 10ಕ್ಕೆ ತಂದು ಬಣ್ಣ ಹೋಗುವವರೆಗೆ ಕುದಿಸಿ ಸಕ್ರಿಯಗೊಳಿಸಿದ ಆರ್ಥೋವನಡೇಟ್ ಬಳಸಿ. ಹಳದಿ ಉಳಿದಿದ್ದರೆ ಪಾಲಿಮರ್ ಉಳಿದಿದೆ ಎಂದರ್ಥ.

ಬಿಕೆಗೆ: ಇನ್‌ಸೈಡ್-ಔಟ್ ಪ್ಯಾಚ್ (ಪೊರೆಯ ತುಣುಕಿನ ಒಳಮೈ ಬಾತ್ ಕಡೆಗೆ), ಎರಡೂ ಬದಿ ಪೊಟ್ಯಾಸಿಯಂ 140, ಒಳಬದಿಯ ಸ್ವತಂತ್ರ ಕ್ಯಾಲ್ಸಿಯಂ 300 ನ್ಯಾನೋಮೋಲಾರ್‌ನಿಂದ 1 ಮೈಕ್ರೋಮೋಲಾರ್. +40ರಲ್ಲಿ ಒಂದೊಂದು ತೆರೆಯುವಿಕೆ 8ರಿಂದ 10 ಪಿಕೋಆಂಪ್, ಅಂದರೆ 200ರಿಂದ 250 ಪಿಕೋಸೀಮನ್ಸ್. ಇದಕ್ಕಿಂತ ತೀರಾ ಕಡಿಮೆ ಕಂಡರೆ ನೋಡುತ್ತಿರುವುದು ಬಿಕೆ ಅಲ್ಲ. ಎಲ್-ಟೈಪ್‌ನ 10 ಮಿಲಿಮೋಲಾರ್ ಇಜಿಟಿಎ ಪಿಪೆಟ್ ಇಟ್ಟುಕೊಂಡು ಬಿಕೆ ಹುಡುಕಿದರೆ ಕ್ಯಾಲ್ಸಿಯಂ ಇಲ್ಲದೆ ಚಾನೆಲ್ ಮಲಗಿರುತ್ತದೆ, "ಪರಿಣಾಮವಿಲ್ಲ" ಎಂದು ಬರೆದು ಮುಗಿಸಿಬಿಡುತ್ತಾರೆ.

ಈಸ್ಟ್ರಾಡಿಯೋಲ್ ಬಿಕೆಯನ್ನು ತೆರೆಯುವುದಕ್ಕೆ ಬೀಟಾ-1 ಉಪಘಟಕ ಬೇಕು, 1999ರಿಂದ ಇದು ಗೊತ್ತು, ಮತ್ತು ಅದಕ್ಕೆ ಬೇಕಾಗುವುದು ಮೈಕ್ರೋಮೋಲಾರ್. ಹಾಗಾಗಿ ಎಚ್‌ಇಕೆ293 ಕೋಶಗಳಲ್ಲಿ (ಬೇಕಾದ ಚಾನೆಲ್ ಹೊರಗಿಂದ ಸೇರಿಸಬಹುದಾದ ಕೋಶಸಾಲು) ಬಿಕೆಯ ಆಲ್ಫಾ ಉಪಘಟಕ ಮಾತ್ರ ಒಂದು ಗುಂಪು, ಆಲ್ಫಾ ಜೊತೆ ಬೀಟಾ-1 ಇನ್ನೊಂದು ಗುಂಪು. ಎರಡನೆಯದರಲ್ಲಿ ಮಾತ್ರ ಜೆನಿಸ್ಟೀನ್ ಕೆಲಸ ಮಾಡಿದರೆ ಈಸ್ಟ್ರಾಡಿಯೋಲ್‌ನಂಥ ದಾರಿ ಎನ್ನಲು ಆಧಾರ ಸಿಗುತ್ತದೆ. ಇಲ್ಲಿನ "ಬೀಟಾ" ಚಾನೆಲ್‌ನ ಉಪಘಟಕ, ಇಆರ್-ಬೀಟಾ ಅಲ್ಲ. ಸೆಮಿನಾರುಗಳಲ್ಲಿ ಇವೆರಡು ಕಲಸಿಹೋಗುವುದನ್ನು ನೋಡಿದರೆ ನಗು ಬರುತ್ತದೆ.

ಪೊರೆ ದಾಟದ ಈಸ್ಟ್ರಾಡಿಯೋಲ್-ಬಿಎಸ್‌ಎ ಬಳಸುವವರಿಗೆ: ಅದರಲ್ಲಿ ಬಿಡಿ ಈಸ್ಟ್ರಾಡಿಯೋಲ್ ಬೆರೆತಿರುತ್ತದೆ. ಬಳಸುವ ದಿನವೇ 30 ಕಿಲೋಡಾಲ್ಟನ್ ಫಿಲ್ಟರಿನಲ್ಲಿ ಸೋಸಿ.

ಎಳೆತಮಾಪಕ

ಚಾನೆಲ್ ಅಲ್ಲದ ದಾರಿಯನ್ನೂ ಮುಚ್ಚಬೇಕಲ್ಲ. ಬೀಟಾ-ಎಸ್ಸಿನ್‌ನಿಂದ ಪೊರೆಗೆ ತೂತು ಮಾಡಿದ ಪಟ್ಟಿ, ಕ್ಯಾಲ್ಸಿಯಂ 1 ಮೈಕ್ರೋಮೋಲಾರ್‌ಗೆ ಕಟ್ಟಿಹಾಕಿ. ಈಗ ಪೊರೆಯ ಚಾನೆಲ್‌ಗಳಿಗೆ ಕೆಲಸವೇ ಇಲ್ಲ. ಆಗಲೂ ಜೆನಿಸ್ಟೀನ್ ಸಡಿಲಿಸಿದರೆ ಕ್ಯಾಲ್ಸಿಯಂ ಸೂಕ್ಷ್ಮತೆ ಇಳಿದಿದೆ ಅಂತ. ಪ್ಯಾಚ್ ರಿಗ್‌ಗೆ ಕೂರೋ ಮೊದಲೇ ಇದನ್ನ ಮುಗಿಸಿದರೆ ತಿಂಗಳುಗಳು ಉಳಿಯುತ್ತವೆ.

ಪಟ್ಟಿಯ ರೆಕಾರ್ಡೇ ಕೆಲವು ಸುಳಿವು ಕೊಡುತ್ತೆ. ಎತ್ತರ ಮಾತ್ರ ಇಳಿದು ಲಯ ಹಾಗೇ ಇದ್ದರೆ ಎಲ್-ಟೈಪ್ ಕಡೆ ಬೆರಳು ತೋರಿಸಿ. ಎತ್ತರ ಇದ್ದೂ ಸಂಕೋಚನಗಳ ನಡುವಿನ ಅಂತರ ಉದ್ದವಾಗಿ, ಆಮೇಲೆ ಒಂದೇ ಸಲ ನಿಂತರೆ ಪೊರೆ ಹೈಪರ್‌ಪೋಲರೈಸ್ ಆಗ್ತಿರಬಹುದು, ಪೊಟ್ಯಾಸಿಯಂ ಚಾನೆಲ್ ಹುಡುಕಿ. ನಿಮ್ಮದು ಮೊದಲನೇ ಜಾತಿಯದ್ದು ಅನ್ನಿಸುತ್ತೆ.

ಮಯೋ_ಹೊಸಬ

ಲಯ ಹೆಚ್ಚು ಬದಲಾಗಿಲ್ಲ, ನಿಜ. ಇನ್ನೊಂದು ಸಂಶಯ: ತಾನಾಗಿ ಬರುವ ಸಂಕೋಚನ ಪಟ್ಟಿಯಿಂದ ಪಟ್ಟಿಗೆ ಬಹಳ ವ್ಯತ್ಯಾಸ. ಡಿ ಜಲೋನ್ ಎಂಬ ಇನ್ನೊಂದು ಲವಣ ದ್ರಾವಣಕ್ಕೆ ಬದಲಾಯಿಸಿ ಸಂಕೋಚನ ತರುವ ಆಕ್ಸಿಟೋಸಿನ್ ಕೊಟ್ಟರೆ ಒಂದೇ ತರಹ ಬರುತ್ತದಲ್ಲ?

ಎಳೆತಮಾಪಕ

ಬರುತ್ತೆ, ಆದರೆ ಮೂರು ವಿಷಯ ನೋಡ್ಕೊಳ್ಳಿ.

ಆ ದ್ರಾವಣದಲ್ಲಿ ತಾನಾಗಿ ಬರೋ ಸಂಕೋಚನ ಅಡಗೋದು ಕ್ಯಾಲ್ಸಿಯಂ ಕಡಿಮೆ ಇರೋದರಿಂದ, ಜೊತೆಗೆ 30ರಿಂದ 32 ಡಿಗ್ರಿಯಲ್ಲಿ ಇಡೋದರಿಂದ. ಲೀಟರಿಗೆ ಕ್ಯಾಲ್ಸಿಯಂ ಕ್ಲೋರೈಡ್ 0.06 ಗ್ರಾಂ ಅಂತ ಬರೆದಿರುತ್ತೆ, ಅದು ನೀರಿಲ್ಲದ ಲವಣದ ಲೆಕ್ಕ, 0.54 ಮಿಲಿಮೋಲಾರ್. ಶೆಲ್ಫ್‌ನಲ್ಲಿರೋದು ಸಾಮಾನ್ಯವಾಗಿ ಡೈಹೈಡ್ರೇಟ್. ಅದನ್ನೇ 0.06 ಹಾಕಿದರೆ 0.41 ಮಾತ್ರ. 0.08 ಹಾಕಬೇಕು. ಕ್ಯಾಲ್ಸಿಯಂ ದಾರಿ ತಡೆಯೋ ಔಷಧದ ಪ್ರಯೋಗದಲ್ಲಿ ಈ ಕಾಲು ಭಾಗದ ವ್ಯತ್ಯಾಸ ಕರ್ವನ್ನೇ ಸರಿಸಿಬಿಡುತ್ತೆ.

ಎರಡನೇದು ಅನಿಲ. ಡಿ ಜಲೋನ್‌ನಲ್ಲಿ ಬೈಕಾರ್ಬನೇಟ್ 0.5 ಗ್ರಾಂ, ಸುಮಾರು 6 ಮಿಲಿಮೋಲಾರ್. ಕ್ರೆಬ್ಸ್‌ಗೆ ಹಾಯಿಸೋ 95-5 ಆಕ್ಸಿಜನ್-ಕಾರ್ಬನ್ ಡೈಆಕ್ಸೈಡ್ ಮಿಶ್ರಣವನ್ನೇ ಇದಕ್ಕೂ ಹಾಯಿಸಿದರೆ ಪಿಎಚ್ 6.8ಕ್ಕೆ ಬಂದು ಕೂರುತ್ತೆ. ಕ್ರೆಬ್ಸ್‌ನ 25 ಮಿಲಿಮೋಲಾರ್‌ಗೆ ಅದೇ ಅನಿಲ 7.4 ಕೊಡುತ್ತೆ. ಆಮ್ಲತೆ ಏರಿದರೆ ಕ್ಯಾಲ್ಸಿಯಂ ಕರೆಂಟೂ ಇಳಿಯುತ್ತೆ, ಸಂಕೋಚನವೂ ಸಾಯುತ್ತೆ, ಮೇಲೆ ಬೇರುಕಷಾಯ ಹೇಳಿದ ಹಾಗೆ ಜೆನಿಸ್ಟೀನ್ ರೂಪವೂ ಬದಲಾಗುತ್ತೆ. ಡಿ ಜಲೋನ್‌ಗೆ ಗಾಳಿ ಸಾಕು.

ಮೂರನೇದು, ಆಕ್ಸಿಟೋಸಿನ್ ಸಂಕೋಚನದಲ್ಲಿ ಕೋಶದೊಳಗಿನ ಉಗ್ರಾಣದ ಕ್ಯಾಲ್ಸಿಯಂ, ರೋ-ಕೈನೇಸ್ ಎಲ್ಲ ಸೇರ್ಕೊಳ್ಳುತ್ತೆ. ಚಾನೆಲ್ ಪ್ರಶ್ನೆಗೆ ಉತ್ತರ ಇನ್ನಷ್ಟು ಮಸುಕಾಗುತ್ತೆ. ಪಟ್ಟಿಗಳ ವ್ಯತ್ಯಾಸ ತಗ್ಗಿಸೋಕೆ ಅದಕ್ಕಿಂತ ಒಳ್ಳೇ ದಾರಿ ಯೋನಿ ಸ್ಮಿಯರ್ ನೋಡಿ ಒಂದೇ ಹಂತದ ಪ್ರಾಣಿ ಆರಿಸೋದು. ಇಲಿಯ ಚಕ್ರ 4-5 ದಿನದ್ದು, ಬೆಳಿಗ್ಗೆ ನೋಡಿದ ಹಂತ ಸಂಜೆಗೆ ಬದಲಾಗಿರಬಹುದು. ಪಟ್ಟಿ ಕಟ್ಟೋ ಹೊತ್ತಿಗೇ ಸ್ಮಿಯರ್ ತೆಗೀರಿ.

ಬೇರುಕಷಾಯ

ಹಂತಕ್ಕಿಂತ ಮೊದಲು ಆಹಾರ! ಇಲಿಗಳ ಮಾಮೂಲಿ ಉಂಡೆಯಲ್ಲಿ ಸೋಯಾ ಹಿಂಡಿ ಇರುತ್ತದೆ. ಕಂಟ್ರೋಲ್ ಇಲಿ ಹುಟ್ಟಿದಾಗಿನಿಂದ ಡೈಡ್ಜೀನ್, ಜೆನಿಸ್ಟೀನ್ ತಿನ್ನುತ್ತಲೇ ಬೆಳೆದಿರುತ್ತದೆ. ಇಲಿಯ ಕರುಳಿನ ಬ್ಯಾಕ್ಟೀರಿಯಾ ಡೈಡ್ಜೀನನ್ನು ಚೆನ್ನಾಗಿ ಇಕ್ವಾಲ್ ಎಂಬ ಈಸ್ಟ್ರೋಜೆನ್ ತರಹದ ವಸ್ತುವಾಗಿ ಮಾಡುತ್ತವೆ, ಮನುಷ್ಯರಲ್ಲಿ ಈ ಶಕ್ತಿ ಇರುವುದು ಕಾಲು ಭಾಗದಿಂದ ಅರ್ಧದಷ್ಟು ಜನಕ್ಕೆ ಮಾತ್ರ. ನಿಧಾನ ದಾರಿಯ ಪ್ರಯೋಗಕ್ಕೆ ಎಐಎನ್-93ಜಿ ತರಹದ, ಪ್ರೋಟೀನ್‌ಗೆ ಕೇಸೀನ್ ಬಳಸಿದ ಆಹಾರ ಬೇಕು. ಅದರಲ್ಲಿ ಸೋಯಾ ಎಣ್ಣೆ ಇದೆಯಲ್ಲ ಎಂದು ಗಾಬರಿ ಬೇಡ, ಐಸೋಫ್ಲೇವೋನ್ (ಜೆನಿಸ್ಟೀನ್, ಡೈಡ್ಜೀನ್ ಸೇರಿದ ಗುಂಪು) ಉಳಿಯುವುದು ಹಿಂಡಿಯಲ್ಲಿ, ಎಣ್ಣೆಗೆ ಬರುವುದು ನಗಣ್ಯ. ಪಂಜರದ ಹಾಸಿಗೆಗೆ ಜೋಳದ ದಿಂಡಿನ ಪುಡಿ ತಪ್ಪಿಸಿ, ಅದರಲ್ಲೂ ಹಾರ್ಮೋನ್ ಚಟುವಟಿಕೆಗೆ ಅಡ್ಡಿ ಮಾಡುವ ವಸ್ತುಗಳಿವೆ.

ಕೋಶ ಬೆಳೆಸುವವರು ಫೀನಾಲ್ ರೆಡ್ ಇಲ್ಲದ ಮಾಧ್ಯಮ, ಇದ್ದಿಲಿನಿಂದ ಸ್ಟೀರಾಯ್ಡ್ ತೆಗೆದ ಸೀರಂ. ಇದು ಗೊತ್ತಿರುವ ಮಾತೇ.

ಬೀಟಾಪಕ್ಷ

ಸರಿ, ಕೊನೆಗೆ ಉಳಿಯುವ ಪ್ರಶ್ನೆ: 30 ಮೈಕ್ರೋಮೋಲಾರ್ ದೇಹದಲ್ಲಿ ಎಂದಾದರೂ ಬರುತ್ತದೆಯೇ? ಸೋಯಾ ಚೆನ್ನಾಗಿ ತಿನ್ನುವವರ ರಕ್ತದಲ್ಲಿ ಒಟ್ಟು ಐಸೋಫ್ಲೇವೋನ್ ಕೆಲವು ನೂರು ನ್ಯಾನೋಮೋಲಾರ್‌ನಿಂದ ಕೆಲವು ಮೈಕ್ರೋಮೋಲಾರ್. ಅದರಲ್ಲಿ ಬಹುಪಾಲು ಗ್ಲುಕುರೊನೈಡ್, ಸಲ್ಫೇಟ್ ಅಂಟಿದ್ದು, ಬಿಡಿಯಾಗಿರುವುದು ಕೆಲವೇ ಶೇಕಡಾ. ಅದರ ಮೇಲೆ ಪ್ರೋಟೀನ್‌ಗೆ ಅಂಟಿಕೊಳ್ಳುವುದು ಬೇರೆ. ಬಾತ್‌ನಲ್ಲಿ ಆಲ್ಬುಮಿನ್ ಇಲ್ಲ, ಹಾಕಿದ್ದೆಲ್ಲ ಬಿಡಿ. ಸಾವಿರ ಪಟ್ಟು ಅಂತರ ಇಟ್ಟುಕೊಂಡು "ಸೋಯಾ ಗರ್ಭಕೋಶವನ್ನು ಸಡಿಲಿಸುತ್ತದೆ" ಎಂದು ಶೀರ್ಷಿಕೆ ಕೊಡುವವರ ಮೇಲೆ ನನಗೆ ಸಿಟ್ಟಿದೆ.

ನಿಧಾನ ದಾರಿಯ ಪರಿಣಾಮ ಮಾತ್ರ ನಿಜವಾದದ್ದು. 1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಸಬ್‌ಟರೇನಿಯನ್ ಕ್ಲೋವರ್ ಮೇಯ್ದ ಕುರಿಗಳು ಬಂಜೆಯಾದವು. ಆ ಸೊಪ್ಪಿನ ಫಾರ್ಮೊನೊನೆಟಿನ್ ಮೆಲುಕು ಹೊಟ್ಟೆಯಲ್ಲಿ ಡೈಡ್ಜೀನ್ ಆಗಿ, ಅಲ್ಲಿಂದ ಇಕ್ವಾಲ್ ಆಗಿ ರಕ್ತ ಸೇರುತ್ತದೆ. ತಿಂಗಳುಗಟ್ಟಲೆ ಮೇಯ್ದದ್ದರ ಫಲ ಅದು, ಎರಡು ನಿಮಿಷದ ಚಾನೆಲ್ ತಡೆ ಅಲ್ಲ.

ಗಾಜಿನಸೂಜಿ

ಇದಕ್ಕೆ ನನ್ನ ತಕರಾರಿಲ್ಲ. ಜೆನಿಸ್ಟೀನನ್ನು ಆಹಾರವಾಗಿ ಅಲ್ಲ, ಉಪಕರಣವಾಗಿ ಬಳಸುವವರು ಹಾಗೆಂದು ಬರೆದರೆ ಜಗಳವೇ ಇಲ್ಲ. ಇಲ್ಲಿನ ಉತ್ತರವನ್ನು ಬೇರೆ ಅಂಗಕ್ಕೆ ಎತ್ತಿಕೊಂಡು ಹೋಗುವುದೂ ಬೇಡ. ಶಿಶ್ನದ ಕಾರ್ಪಸ್ ಕ್ಯಾವರ್ನೋಸಮ್‌ನಲ್ಲಿ ಬಿಕೆಯ ಪಾಲು ದೊಡ್ಡದು, ವಾಸ್ ಡೆಫರೆನ್ಸ್‌ನಲ್ಲಿ ನರದ ಪಾತ್ರ ದೊಡ್ಡದು.

ಮಯೋ_ಹೊಸಬ

20-80 ಪ್ರಯೋಗ, ಗ್ಲೈಬೆನ್‌ಕ್ಲಮೈಡ್ ಜೊತೆ ನಿಫೆಡಿಪಿನ್ ಕರ್ವ್, ಆಮೇಲೆ ಎಸ್ಸಿನ್ ಪಟ್ಟಿ, ಈ ಕ್ರಮದಲ್ಲಿ ಹೋಗುತ್ತೇನೆ. ಇನ್ನೊಂದು ಸಸ್ಯಜನ್ಯ ಈಸ್ಟ್ರೋಜೆನ್ ಆದ ಕೌಮೆಸ್ಟ್ರಾಲ್ ಅನ್ನೂ ಹೋಲಿಕೆಗೆ ಸೇರಿಸಿ ಫ್ಯೂರಾ-2 ಎಂಬ ಹೊಳೆಯುವ ಬಣ್ಣದಲ್ಲಿ ಕ್ಯಾಲ್ಸಿಯಂ ನೋಡಬಹುದೇ?

ಬೇರುಕಷಾಯ

ಕೌಮೆಸ್ಟ್ರಾಲ್‌ಗೆ ಫ್ಯೂರಾ-2 ಬೇಡ. ಅತಿನೇರಳೆ ಬೆಳಕಿನಲ್ಲಿ ಅದು ತಾನೇ ನೀಲಿಯಾಗಿ ಹೊಳೆಯುತ್ತದೆ. ಫ್ಯೂರಾ-2 ಉದ್ದೀಪಿಸುವ 340, 380 ನ್ಯಾನೋಮೀಟರ್ ಅದೇ ಜಾಗದಲ್ಲಿದೆ, ಅನುಪಾತ ಕ್ಯಾಲ್ಸಿಯಂ ಬದಲಾಗದೆಯೇ ಬದಲಾಗುತ್ತದೆ. 488ರಲ್ಲಿ ಉದ್ದೀಪಿಸುವ ಫ್ಲುವೋ-4 ತಗೊಳ್ಳಿ. ಬಣ್ಣ ತುಂಬದ ಪಟ್ಟಿಗೆ ಔಷಧ ಹಾಕಿ ಖಾಲಿ ಸಿಗ್ನಲ್ ಎಷ್ಟು ಏರುತ್ತದೆ ಎಂದು ಮೊದಲು ಅಳೆಯಿರಿ.

ಮತ್ತೆ, ಒಂದು ಔಷಧದಿಂದ ಇನ್ನೊಂದಕ್ಕೆ ಹೋಗುವಾಗ ಬಾತ್ ತೊಳೆಯುವುದು. ಇವೆಲ್ಲ ಸಿಲಿಕಾನ್ ಕೊಳವೆಗೂ ಪ್ಲಾಸ್ಟಿಕ್ ಕೊಕ್ಕೆಗೂ ಅಂಟಿಕೊಂಡು ಮುಂದಿನ ಪಟ್ಟಿಗೆ ಸೋರುತ್ತವೆ. ಗಾಜಿನ ಬಾತ್‌ಗೆ 70 ಶೇಕಡಾ ಎಥನಾಲ್ ತುಂಬಿ 10 ನಿಮಿಷ ಬಿಡಿ, ಬಿಸಿ ನೀರು, ಆಮೇಲೆ ಡಿಸ್ಟಿಲ್ಡ್ ನೀರು ಮೂರು ಸಲ. ಕೊಳವೆ ಪ್ರತಿ ಔಷಧಕ್ಕೂ ಬೇರೆ ಇಡಿ, ಕೊಕ್ಕೆ ಸ್ಟೀಲಿನದ್ದು. ತೊಳೆದದ್ದು ಸಾಕಾಯಿತೇ ಎಂದು ತಿಳಿಯಲು ಔಷಧ ಕಾಣದ ಹೊಸ ಪಟ್ಟಿಯನ್ನು ಹಳೆಯ ಬಾತ್‌ನಲ್ಲಿ ಒಂದು, ಎಂದೂ ಬಳಸದ ಬಾತ್‌ನಲ್ಲಿ ಒಂದು ಕಟ್ಟಿ ಗಂಟೆಯಷ್ಟು ಓಡಿಸಿ. ಎತ್ತರದಲ್ಲಿ ವ್ಯತ್ಯಾಸ ಕಂಡರೆ ಮೊದಲು ಕೊಳವೆ ಬದಲಿಸಿ.